ಕುಣಿತಕ್ಕೆ ಮರಳಿದ ಹಿಪ್‌ಹಾಪ್

ಸಿರಿಗೇರಿ ಸುತ್ತಿನ ಹಳ್ಳಿಗಳಲ್ಲಿ ಡಿಜೆ ಎಂದರೆ ಮೆರವಣಿಗೆಯಲ್ಲಿ ಎದೆ ನಡುಗಿಸುವ ಸೌಂಡ್ ಬಾಕ್ಸುಗಳ ಸಾಲು. ಅಮೆರಿಕದ ಹಿಪ್‌ಹಾಪ್ ಸಂಗೀತ ಹುಟ್ಟಿದ್ದೂ ಡಿಜೆಗಳ ಕೈಯಲ್ಲೇ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1973ರಿಂದ ಕೂಟಗಳಿಗೆ ಹಾಡು ಹಾಕುತ್ತಿದ್ದ ಕೂಲ್ ಹರ್ಕ್ ಎಂಬ ಯುವಕ, ಜನ ಹೆಚ್ಚು ಕುಣಿಯುವ ತಾಳದ ತುಣುಕನ್ನೇ ಹಿಗ್ಗಿಸಿ ನುಡಿಸತೊಡಗಿದ. ಬಡವರ ನೋವು, ಸಿಟ್ಟು ಆ ತಾಳದ ಮೇಲೆ ಮಾತಾದದ್ದು ಆಮೇಲೆ.

ಇದನ್ನು ಮರೆತವರಿಗೆ ‘ಬ್ಲ್ಯಾಕ್ ಐಡ್ ಪೀಸ್’ ತಂಡ ದಾರಿ ಬದಲಿಸಿದ್ದು ದ್ರೋಹವಾಗಿ ಕಂಡಿತು. ಲಾಸ್ ಏಂಜಲೀಸಿನ ಈ ತಂಡದ ಮೊದಲ ಆಲ್ಬಂ ಬಂದದ್ದು 1998ರಲ್ಲಿ. 2003ರ ಹಾಡೊಂದರಲ್ಲಿ ಅದು ದ್ವೇಷ, ಯುದ್ಧಗಳನ್ನು ಪ್ರಶ್ನಿಸಿತ್ತು. 2005ರಲ್ಲಿ ಆಶಾ ಭೋಸ್ಲೆ ಹಾಡಿದ್ದ ಹಿಂದಿ ಚಿತ್ರಗೀತೆಗಳ ತುಣುಕುಗಳನ್ನೂ ಬಳಸಿಕೊಂಡಿತು. 2009ರಲ್ಲಿ ಮಾತ್ರ ಪೂರ್ತಿಯಾಗಿ ಎಲೆಕ್ಟ್ರಾನಿಕ್ ನೃತ್ಯಸಂಗೀತಕ್ಕೆ ಹೊರಳಿತು. ಅದರ ಎರಡು ಹಾಡುಗಳು ಒಂದರ ಹಿಂದೊಂದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿಯಲ್ಲಿ ಒಟ್ಟು 26 ವಾರ ನಿಂತವು. 2010ರಲ್ಲಿ ಇನ್ನೂ ಹಿಂದಕ್ಕೆ ನಡೆದು, 1987ರ ‘ಡರ್ಟಿ ಡ್ಯಾನ್ಸಿಂಗ್’ ಚಿತ್ರದ ಹಾಡನ್ನೇ ಯಂತ್ರದ ತಾಳಕ್ಕೆ ಕೂರಿಸಿತು.

ಯಂತ್ರದ ನಾದ ಹಿಪ್‌ಹಾಪಿಗೆ ಹೊರಗಿನದೇನಲ್ಲ. ಜರ್ಮನಿಯ ಕ್ರಾಫ್ಟ್‌ವೆರ್ಕ್ ತಂಡದ ಧಾಟಿಯನ್ನು ಬ್ರಾಂಕ್ಸ್‌ನ ಆಫ್ರಿಕಾ ಬಂಬಾಟಾ 1982ರಲ್ಲೇ ‘ಪ್ಲಾನೆಟ್ ರಾಕ್’ಗೆ ತಂದಿದ್ದ. ಹಾಗಾಗಿ ಪೀಸ್ ತಂಡ ಮನೆ ಬಿಟ್ಟು ಹೋಗಲಿಲ್ಲ, ಹಳೆಯ ಮನೆಗೇ ಮರಳಿತು.

ಹಾಗೆಂದು ನಷ್ಟವೇ ಇಲ್ಲವೆಂದಲ್ಲ. ಕುಣಿಸುವುದು ಹಿಪ್‌ಹಾಪಿನ ಹುಟ್ಟುಗುಣವಾದರೆ, ಕುಣಿಯುವವರ ಕಿವಿಗೆ ಒಂದು ಸತ್ಯ ಹಾಕುವುದು ಅದು ಗಳಿಸಿಕೊಂಡ ಗುಣ. ತಂಡ ಮೊದಲನೆಯದನ್ನು ಉಳಿಸಿಕೊಂಡಿತು; ಎರಡನೆಯದು ಸದ್ದಿನಲ್ಲಿ ತೆಳುವಾಯಿತು.