ತಮಕಶ್ವಾಸದ ನಿದಾನವೂ ಖಾಸಬಾಗದ ಮಗ್ಗಗಳೂ

ಧೂಳಿಗೂ ಶ್ವಾಸರೋಗಕ್ಕೂ ಇರುವ ಸಂಬಂಧವು ಪಾಶ್ಚಾತ್ಯರ ನವೀನಶೋಧನವೆಂದು ಕೆಲವರ ಮತ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 17ನೆಯ ಅಧ್ಯಾಯವನ್ನು ನೋಡಿದವರು ಹಾಗೆನ್ನಲಾರರು. ಹಿಕ್ಕಾಶ್ವಾಸಗಳ ಬಾಹ್ಯಕಾರಣಗಳನ್ನೆಣಿಸುವಲ್ಲಿ ಪ್ರಥಮಸ್ಥಾನವು ಧೂಳಿಗೇ ಸಂದಿದೆ. ಅನಂತರ ಹೊಗೆ, ಗಾಳಿ, ಶೀತಸ್ಥಾನ, ತಣ್ಣೀರು, ವ್ಯಾಯಾಮ, ದಾರಿನಡಿಗೆ, ವಿಷಮಭೋಜನ ಇತ್ಯಾದಿ. ಸುಶ್ರುತಸಂಹಿತೆಯ ಉತ್ತರತಂತ್ರವೂ ಧೂಳು ಹೊಗೆಗಳನ್ನು ಬಿಟ್ಟಿಲ್ಲ. ಉದ್ದು, ಮೊಸರು ಮೊದಲಾದ ಕಫಕರದ್ರವ್ಯಗಳೂ ಚರಕನ ಪಟ್ಟಿಯಲ್ಲುಂಟು, ನಿಜ. ಆದರೆ ಲೋಕವು ಮೊಸರನ್ನು ಮಾತ್ರ ನೆನಪಿನಲ್ಲಿಟ್ಟು ಧೂಳನ್ನು ಮರೆತುದು ಗ್ರಂಥದ ದೋಷವಲ್ಲ.

ಈ ವಿಚಾರವನ್ನು ಪರೀಕ್ಷಿಸಲು ಬೆಳಗಾವಿಯ ಖಾಸಬಾಗವು ತಕ್ಕ ಸ್ಥಳವಾಗಿದೆ. 'ಖಾಸ್' ಎಂಬುದು ಅರಬ್ಬಿ, 'ಬಾಗ್' ಎಂಬುದು ಪಾರಸೀಕ. ಜನರು ಈ ರೋಗಕ್ಕೆ ಹೇಳುವ 'ದಮ್ಮು' ಎಂಬ ಮಾತೂ ಉಸಿರೆಂಬರ್ಥದ ಪಾರಸೀಕ ಶಬ್ದವೇ. ಹೆಸರಿನಲ್ಲಿ ತೋಟವಿದ್ದರೂ ಇದು ವಡಗಾವಿ, ಶಹಾಪುರಗಳಂತೆ ನೇಕಾರರ ನೆಲೆ. ಮನೆಯೇ ಕಾರ್ಖಾನೆ, ಮಗ್ಗದ ಬದಿಯಲ್ಲೇ ಅಡಿಗೆ, ಅಲ್ಲೇ ಮಕ್ಕಳ ಹಾಸಿಗೆ. ಕುಣಿಮಗ್ಗದ ನೇಕಾರನು ನೆಲದ ತೇವದಲ್ಲಿಯೇ ಕಾಲಿಟ್ಟು ಕೂಡುತ್ತಿದ್ದನು. ಆ ತೇವವು ನೂಲಿಗೆ ಹಿತ, ಉಸಿರಿಗಲ್ಲ.

ಇಲ್ಲಿ ಒಂದು ವಿಷಯವನ್ನು ವಿವರಿಸಬೇಕು. ಮೋಡ, ಮಳೆ, ಶೀತ, ಮೂಡಣಗಾಳಿಗಳಿಂದ ತಮಕಶ್ವಾಸವು ಹೆಚ್ಚುವುದೆಂದು ಚರಕನ ಮತ. ಗಂಗಾಬಯಲಿನಲ್ಲಿ ಆರ್ದ್ರವಾಯುವು ಮೂಡಣದಿಂದ ಬರುವುದರಿಂದ ಆ ಮಾತು ಅಲ್ಲಿಗೆ ಯುಕ್ತವೇ. ಸುಮಾರು 2500 ಅಡಿ ಎತ್ತರದಲ್ಲಿ, ಸಹ್ಯಾದ್ರಿಯ ಮಗ್ಗುಲಲ್ಲಿರುವ ಬೆಳಗಾವಿಗೂ ಖಾನಾಪುರಕ್ಕೂ ಮಳೆಗಾಳಿ ಬೀಸುವುದು ನೈಋತ್ಯ ಪಶ್ಚಿಮಗಳಿಂದ. ಆದುದರಿಂದ ನಮ್ಮ ವೈದ್ಯರು ದಿಕ್ಕನ್ನು ಹಿಡಿಯದೆ ಆರ್ದ್ರತೆಯನ್ನು ಹಿಡಿಯಬೇಕು. ಮನೆಯ ಧೂಳಿನಲ್ಲಿರುವ ಸೂಕ್ಷ್ಮನುಸಿಯೇ ಉಬ್ಬಸಕ್ಕೊಂದು ಪ್ರಬಲಕಾರಣವೆಂದು ಹಾಲೆಂಡಿನ ಫೋರ್‌ಹೋರ್ಸ್ಟರೂ ಅವರ ಸಂಗಡಿಗರೂ 1964ರಲ್ಲಿ ತೋರಿಸಿದರು. ಆ ನುಸಿಯೂ ಬೂಷ್ಟೂ ತೇವದಲ್ಲಿ ವರ್ಧಿಸುವುವು. ಧೂಳು, ಶೀತಸ್ಥಾನಗಳೆಂದು ಬೇರೆಬೇರೆಯಾಗಿ ಎಣಿಸಿದ ಕಾರಣಗಳು ಹೀಗೆ ಒಂದೇ ಹಾಸಿಗೆಯಲ್ಲಿ ಕೂಡುತ್ತವೆ.

ವೃತ್ತಿಯ ಧೂಳು ಬೇರೆ. ಇಟಲಿಯ ರಾಮಾಝಿನಿಯು 1700ರಲ್ಲಿ ಕುಶಲಕರ್ಮಿಗಳ ರೋಗಗಳನ್ನು ಕುರಿತು ಬರೆದ ಗ್ರಂಥದಲ್ಲಿ ನಾರು ಹಿಂಜುವವರ ಕೆಮ್ಮು ಏದುಸಿರುಗಳನ್ನು ವರ್ಣಿಸಿದನು. ಹತ್ತಿಧೂಳಿನ ರೋಗಕ್ಕೆ 'ಬಿಸಿನೋಸಿಸ್' ಎಂಬ ಹೆಸರು 1877ರಲ್ಲಿ ಫ್ರಾನ್ಸಿನ ಪ್ರೂಸ್ತನಿಂದ ಬಂದಿತು. ವಾರದ ಬಿಡುವಿನ ಮರುದಿನ ಎದೆ ಬಿಗಿಯುವುದು ಅದರ ಲಕ್ಷಣ. ಈ ರೋಗವನ್ನು ತಮಕದಲ್ಲಿ ಬೆರಸಬಾರದು. ಅದು ಹಿಂಜುವ, ನೂಲುವ ಕೆಲಸದಲ್ಲಿ ಅಧಿಕ, ನೇಯ್ಗೆಯಲ್ಲಿ ಕಡಿಮೆ. ಕೃತಕರೇಷ್ಮೆಯ ಮಗ್ಗಕ್ಕೆ ಹತ್ತಿಧೂಳಿನ ಮಾತೇ ಸಲ್ಲದು. ಖಾಸಬಾಗದ ನೇಕಾರರ ಉಬ್ಬಸವನ್ನೆಲ್ಲ ಮಗ್ಗದ ತಲೆಗೆ ಕಟ್ಟುವುದೂ ಸರಿಯಲ್ಲ.

ಆದರೂ 1948ರ ಕಾರ್ಖಾನೆ ಕಾಯಿದೆಯು ವಿದ್ಯುಚ್ಛಕ್ತಿಯಿದ್ದಲ್ಲಿ 10, ಇಲ್ಲದಲ್ಲಿ 20 ಕೆಲಸಗಾರರಿದ್ದರೆ ಮಾತ್ರ ಕಾರ್ಖಾನೆಯೆಂದು ಎಣಿಸಿತು. ಎರಡು ಮಗ್ಗದ ಮನೆ ಆ ಲೆಕ್ಕಕ್ಕೆ ಬರಲಿಲ್ಲ. ಅಲ್ಲಿಯ ರೋಗಿಗೆ ಮೊಸರು ಬಿಡೆಂದು ಹೇಳುವವರು ಬಹುಮಂದಿ. ಎಲ್ಲಿ ಮಲಗುವೆ, ಏನು ನೇಯುವೆ, ಯಾವ ದಿನ ಹೆಚ್ಚುವುದು ಎಂದು ಕೇಳುವವರು ವಿರಳ. ತಮಕವು ಯಾಪ್ಯ, ಹೊಸದಾಗಿ ಹುಟ್ಟಿದುದಾದರೆ ಸಾಧ್ಯ ಎಂದು ಚರಕನು ವಿಭಾಗಿಸಿದನು. ಹತ್ತಿಧೂಳಿನ ರೋಗವೂ ಆರಂಭದಲ್ಲಿ ಧೂಳು ತಪ್ಪಿದರೆ ಇಳಿಯುವುದು, ವರ್ಷಗಳು ಕಳೆದ ಮೇಲೆ ಧೂಳು ತಪ್ಪಿದರೂ ನಿಲ್ಲುವುದು.