ಒಂದು ಕೀ, ಸಾವಿರ ಕಂಪ್ಯೂಟರ್: ವಿಂಡೋಸ್‌ಗೆ ಬೀಗ ಬಿದ್ದ ಕಥೆ

[1/7]
ಸ್ಕ್ರೀನಿನ ಬಲಗಡೆ ಕೆಳಮೂಲೆಯಲ್ಲಿ, ಮಸುಕು ಅಕ್ಷರದಲ್ಲಿ "ಆಕ್ಟಿವೇಟ್ ವಿಂಡೋಸ್" ಅಂತ ಬರೆದಿರೋದನ್ನ ನೋಡದವರು ನಮ್ಮಲ್ಲಿ ಯಾರಿದ್ದಾರೆ ಹೇಳಿ? ಸೆಮಿನಾರ್‌ಗೆ ಪಿಪಿಟಿ ಹಾಕಿದ್ರೆ ಪ್ರೊಜೆಕ್ಟರ್ ಪರದೆ ಮೇಲೂ ಅದು ಬಂದು ಕೂರುತ್ತೆ, ಹಿಂದಿನ ಬೆಂಚು ನಗುತ್ತೆ.

ಈಗ ಒಂದು ಪ್ರಶ್ನೆ. ಒಂದು ಲ್ಯಾಪ್‌ಟಾಪ್‌ಗೇ ಇಷ್ಟು ತಲೆನೋವು ಅಂದ್ರೆ, ಸಾವಿರಾರು ಕಂಪ್ಯೂಟರ್ ಇರೋ ಬ್ಯಾಂಕಿನಲ್ಲಿ, ಯೂನಿವರ್ಸಿಟಿಯಲ್ಲಿ ಒಂದೊಂದಕ್ಕೂ 25 ಅಕ್ಷರದ ಕೀ ಟೈಪ್ ಮಾಡ್ತಾ ಕೂರೋರು ಯಾರು? ಯಾರೂ ಇಲ್ಲ. ಅಂಥವರಿಗೆ ವಾಲ್ಯೂಮ್ ಲೈಸೆನ್ಸಿಂಗ್ ಅನ್ನೋ ಬೇರೆ ದಾರಿ ಇದೆ. ಆ ದಾರಿ ಹೇಗೆ ಹುಟ್ಟಿತು, ಹೇಗೆ ಸೋರಿತು, ಸೋರಿದ ಮೇಲೆ ಹೇಗೆ ಬಿಗಿಯಾಯ್ತು ಅನ್ನೋದೇ ಈ ಸರಣಿ.

ಕಂಪ್ಯೂಟರ್ ಸೈನ್ಸ್‌ನವರ ವಿಷಯ ಅಂತ ಸ್ಕ್ರೋಲ್ ಮಾಡ್ಬೇಡಿ. ಒಪ್ಪಂದ, ನಂಬಿಕೆ, ಮೋಸ, ಆ ಮೋಸದ ಖರ್ಚು ಯಾರ ತಲೆಗೆ ಅನ್ನೋದು ಪಕ್ಕಾ ಬಿಕಾಂ ವಿಷಯ.

[2/7]
1976ರ ಫೆಬ್ರವರಿ. ಬಿಲ್ ಗೇಟ್ಸ್‌ಗೆ ಆಗ 20 ವರ್ಷ. ಹೌದು, ನಮ್ಮದೇ ವಯಸ್ಸು. ಅವರು, ಪಾಲ್ ಅಲೆನ್ ಮತ್ತು ಜೊತೆಗಾರರು ಆಲ್ಟೇರ್ 8800 ಅನ್ನೋ ಕಂಪ್ಯೂಟರ್‌ಗಾಗಿ ಬೇಸಿಕ್ ಭಾಷೆಯ ಸಾಫ್ಟ್‌ವೇರ್ ಬರೆದಿದ್ರು. ಅದು ಸಿಗ್ತಿದ್ದದ್ದು ಸಾಲಾಗಿ ತೂತು ಹೊಡೆದ ಕಾಗದದ ಪಟ್ಟಿಯ ರೂಪದಲ್ಲಿ. ಅಮೆರಿಕದ ಕಂಪ್ಯೂಟರ್ ಹವ್ಯಾಸಿಗಳು ಒಬ್ಬರು ಕೊಂಡ ಪಟ್ಟಿಯನ್ನ ನಕಲು ಮಾಡಿ ಹತ್ತು ಜನಕ್ಕೆ ಹಂಚ್ತಿದ್ರು.

ಸಿಟ್ಟಿಗೆದ್ದ ಗೇಟ್ಸ್ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದ್ರು. ಆಲ್ಟೇರ್ ಇಟ್ಟುಕೊಂಡವರಲ್ಲಿ ಶೇ. 10ಕ್ಕಿಂತ ಕಡಿಮೆ ಜನ ಬೇಸಿಕ್‌ಗೆ ದುಡ್ಡು ಕೊಟ್ಟಿದ್ದಾರೆ ಅನ್ನೋದು ಅವರ ದೂರು.

ಇದನ್ನ ನಮ್ಮ ಭಾಷೆಯಲ್ಲಿ ನೋಡಿ. ಬಡಗಿಗೆ ಎರಡನೇ ಕುರ್ಚಿಗೂ ಮರ ಬೇಕು, ಮೊಳೆ ಬೇಕು, ಕೂಲಿ ಬೇಕು. ಸಾಫ್ಟ್‌ವೇರ್‌ನಲ್ಲಿ ಮೊದಲ ಪ್ರತಿಗೆ ವರ್ಷಗಟ್ಟಲೆ ದುಡಿಮೆ, ಎರಡನೇ ಪ್ರತಿಗೆ ಹೆಚ್ಚುಕಮ್ಮಿ ಏನೂ ಇಲ್ಲ. ಕ್ಲಾಸಲ್ಲಿ ಕಲಿತ ಮಾರ್ಜಿನಲ್ ಕಾಸ್ಟ್ ಇಲ್ಲಿ ಸೊನ್ನೆಗೆ ಬಂದು ನಿಲ್ಲುತ್ತೆ. ನಕಲು ಇಷ್ಟು ಅಗ್ಗ ಆದ್ರೆ ಬೆಲೆ ವಸೂಲಿ ಮಾಡೋದು ಹೇಗೆ? ಮುಂದೆ ಬಂದ ಪ್ರತಿ ಬೀಗವೂ ಈ ಪ್ರಶ್ನೆಗೆ ಕೊಟ್ಟ ಉತ್ತರವೇ.

[3/7]
1995ರ ಆಗಸ್ಟ್ 24. ವಿಂಡೋಸ್ 95 ಬಂತು. ಸಿಡಿ ಡಬ್ಬಿಯ ಮೇಲೆ ಒಂದು ಕೀ: ಮೊದಲು ಮೂರು ಅಂಕಿ, ಒಂದು ಗೆರೆ, ಆಮೇಲೆ ಏಳು ಅಂಕಿ.

ಕಂಪ್ಯೂಟರ್ ಅದನ್ನ ಹೇಗೆ ಪರೀಕ್ಷೆ ಮಾಡ್ತಿತ್ತು ಗೊತ್ತಾ? ಒಂದೆರಡು ಸಣ್ಣ ನಿಯಮ ಬಿಟ್ಟರೆ, ಕೊನೆಯ ಏಳು ಅಂಕಿಗಳನ್ನ ಕೂಡಿದಾಗ ಬರೋ ಮೊತ್ತ 7ರಿಂದ ಭಾಗ ಆಗ್ಬೇಕು. ಅಷ್ಟೇ! ಎಲ್ಲ ಕಡೆ ಬರೀ 1 ಒತ್ತಿದ್ರೂ ಮೊತ್ತ 7, ಬಾಗಿಲು ತೆಗೀತಿತ್ತು. ಮೂರನೇ ಕ್ಲಾಸಿನ ಮಗು ಕೂಡ ಕೀ ತಯಾರಿಸಬಹುದಿತ್ತು.

ಕೀ ನಿಜವಾದದ್ದೇ ಆಗಿದ್ರೂ ಫರಕ್ ಇರಲಿಲ್ಲ. ಅದೇ ಕೀ ಇನ್ನೆಷ್ಟು ಕಡೆ ಬಳಕೆಯಾಗಿದೆ ಅಂತ ಕಂಪ್ಯೂಟರ್ ಯಾರನ್ನೂ ಕೇಳ್ತಿರಲಿಲ್ಲ. ಒಂದು ಸಿಡಿ ಇಡೀ ಬೀದಿಗೆ ಸಾಕಾಗ್ತಿತ್ತು.

ಮೈಕ್ರೋಸಾಫ್ಟ್‌ಗೆ ಇದು ಬರೀ ನಷ್ಟವೂ ಆಗಿರಲಿಲ್ಲ. 1998ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಮಾತಾಡ್ತಾ ಗೇಟ್ಸ್ ಚೀನಾ ಬಗ್ಗೆ ಹೆಚ್ಚುಕಮ್ಮಿ ಹೀಗೆ ಹೇಳಿದ್ರು: ಕದಿಯೋದೇ ಆದ್ರೆ ನಮ್ಮದನ್ನೇ ಕದೀಲಿ, ಅಭ್ಯಾಸ ಆಗುತ್ತೆ, ದುಡ್ಡು ವಸೂಲಿ ಮಾಡೋ ದಾರಿ ಆಮೇಲೆ ಹುಡುಕ್ತೀವಿ. 1976ರ ಪತ್ರ ಬರೆದ ಅದೇ ಮನುಷ್ಯ! ಮಾರುಕಟ್ಟೆ ಪಾಲು ಅನ್ನೋದು ಎಷ್ಟು ದೊಡ್ಡ ವಿಷಯ ಅಂತ ಇದರಿಂದ ಅರ್ಥ ಮಾಡ್ಕೊಳ್ಳಿ.

[4/7]
2001ರ ಅಕ್ಟೋಬರ್ 25, ವಿಂಡೋಸ್ ಎಕ್ಸ್‌ಪಿ ಅಂಗಡಿಗೆ ಬಂದ ದಿನ. ಕನ್ನಡದವರಿಗೆ ಇದು ವಿಶೇಷ ಆವೃತ್ತಿ: ಯೂನಿಕೋಡ್ ಕನ್ನಡದ ತುಂಗಾ ಫಾಂಟ್ ವಿಂಡೋಸ್ ಒಳಗೇ ಬಂದದ್ದು ಇದರ ಜೊತೆ. ಆಕ್ಟಿವೇಶನ್ ಮನೆ ಬಳಕೆದಾರರ ವಿಂಡೋಸ್‌ಗೆ ಕಡ್ಡಾಯವಾಗಿ ಬಂದದ್ದೂ ಇದರ ಜೊತೆಗೇ.

ಈಗ ಕೀ ಹಾಕಿದ್ರೆ ಮುಗಿಯಲ್ಲ. ಕೀ ಮತ್ತು ನಿಮ್ಮ ಹಾರ್ಡ್‌ವೇರ್‌ನ ಗುರುತು ಸೇರಿಸಿ 30 ದಿನದೊಳಗೆ ಇಂಟರ್ನೆಟ್‌ನಲ್ಲೋ ಫೋನ್‌ನಲ್ಲೋ ಮೈಕ್ರೋಸಾಫ್ಟ್‌ಗೆ ತಿಳಿಸಬೇಕು. ಅದೇ ಕೀ ಬೇರೆ ಬೇರೆ ಕಂಪ್ಯೂಟರ್‌ಗಳಿಂದ ಬರ್ತಾ ಹೋದ್ರೆ ಸಿಕ್ಕಿಬೀಳುತ್ತೆ.

ದೊಡ್ಡ ಸಂಸ್ಥೆಗಳ ಕಥೆ? ಐದು ಸಾವಿರ ಕಂಪ್ಯೂಟರ್‌ಗೆ ಐದು ಸಾವಿರ ಸಲ ಫೋನ್ ಮಾಡೋಕಾಗುತ್ತಾ? ಹಾಗಾಗಿ ವಾಲ್ಯೂಮ್ ಲೈಸೆನ್ಸ್ ತಗೊಂಡವರಿಗೆ ವಿನಾಯಿತಿ ಕೊಟ್ರು. ಒಪ್ಪಂದ ಕಾಗದದ ಮೇಲೆ. ಎಷ್ಟು ಪ್ರತಿಯೋ ಅಷ್ಟಕ್ಕೆ ದುಡ್ಡು. ಸಂಸ್ಥೆಗೆಲ್ಲ ಸೇರಿ ಒಂದೇ ಕೀ, ಆಕ್ಟಿವೇಶನ್ ಕೇಳೋದೇ ಇಲ್ಲ. ಲೆಕ್ಕ ಇಡೋ ಜವಾಬ್ದಾರಿ ಸಂಸ್ಥೆಯದ್ದು. ಅಂದ್ರೆ ಪೂರ್ತಿ ನಂಬಿಕೆ.

ಆ ನಂಬಿಕೆ ಎಕ್ಸ್‌ಪಿ ಅಂಗಡಿಗೆ ಬರೋ ಮೊದಲೇ ಮುರಿದು ಬಿತ್ತು. ಬಿಡುಗಡೆಗೆ ವಾರಗಳ ಮುಂಚೆ ವಾಲ್ಯೂಮ್ ಪ್ರತಿಯೊಂದು ಅದರ ಕೀ ಸಮೇತ ಇಂಟರ್ನೆಟ್‌ಗೆ ಸೋರಿತು. ಎಫ್‌ಸಿಕೆಜಿಡಬ್ಲ್ಯೂ ಅಂತ ಶುರುವಾಗೋ ಆ ಕೀಯನ್ನ ಲೋಕವೆಲ್ಲ ಸಿಡಿ ಮೇಲೆ ಮಾರ್ಕರ್‌ನಲ್ಲಿ ಬರ್ಕೊಂಡಿತು. ಯಾರೂ ಬೀಗ ಒಡೀಬೇಕಾಗೇ ಇರಲಿಲ್ಲ, ಬೀಗ ಹಾಕದ ಹಿಂಬಾಗಿಲೇ ಸಿಕ್ಕಿತ್ತು.

2002ರ ಸರ್ವಿಸ್ ಪ್ಯಾಕ್ 1ರಲ್ಲಿ ಸೋರಿದ ಕೀಗಳನ್ನ ತಡೆದ್ರು. ಆದ್ರೆ ಸಮಸ್ಯೆ ನೋಡಿ: ಒಂದು ಕೀ ರದ್ದಾದ್ರೆ ಅದನ್ನ ನ್ಯಾಯವಾಗಿ ಕೊಂಡ ಸಂಸ್ಥೆಯ ಎಲ್ಲ ಕಂಪ್ಯೂಟರ್‌ಗಳ ಕೀಯನ್ನೂ ಬದಲಾಯಿಸಬೇಕು. ಕದ್ದವನಿಗೆ ಇನ್ನೊಂದು ಕೀ ಹುಡುಕೋ ಕೆಲಸ, ಕೊಂಡವನಿಗೆ ತಿಂಗಳ ಕೆಲಸ.

[5/7]
ಪಾಠ ಕಲಿತ ಮೈಕ್ರೋಸಾಫ್ಟ್ ವಿಸ್ತಾ ಜೊತೆ ನಿಯಮ ಬದಲಿಸಿತು. ಸಂಸ್ಥೆಗಳಿಗೆ ವಿಸ್ತಾ ಸಿಕ್ಕಿದ್ದು 2006ರ ನವೆಂಬರ್ 30ರಂದು. ಇನ್ನು ವಾಲ್ಯೂಮ್‌ನವರಿಗೂ ವಿನಾಯಿತಿ ಇಲ್ಲ. ಎರಡು ದಾರಿ ಕೊಟ್ರು.

ಒಂದು ಎಂಎಕೆ. ಒಂದೇ ಕೀ, ಆದ್ರೆ ಇಷ್ಟೇ ಸಲ ಅಂತ ಮಿತಿ. ಒಂದೊಂದು ಕಂಪ್ಯೂಟರ್ ಆಕ್ಟಿವೇಟ್ ಆದಾಗಲೂ ಲೆಕ್ಕದಲ್ಲಿ ಒಂದು ಕಮ್ಮಿ.

ಇನ್ನೊಂದು ಕೆಎಂಎಸ್. ಇದನ್ನ ಕ್ಲಾಸಿನ ಸಿಆರ್ ಥರ ಅಂದ್ಕೊಳ್ಳಿ. ಸಂಸ್ಥೆಯೊಳಗಿನ ಒಂದು ಸರ್ವರ್ ಮಾತ್ರ ಮೈಕ್ರೋಸಾಫ್ಟ್ ಹತ್ರ ಹೋಗಿ ಪರಿಚಯ ಮಾಡ್ಕೊಂಡು ಬರುತ್ತೆ. ಉಳಿದ ಕಂಪ್ಯೂಟರ್‌ಗಳೆಲ್ಲ ಈ ಸಿಆರ್ ಹತ್ರ ಹಾಜರಿ ಹಾಕಿದ್ರೆ ಸಾಕು. ಅದಕ್ಕೂ ಶರತ್ತು ಇದೆ. ಕನಿಷ್ಠ 25 ಕಂಪ್ಯೂಟರ್ ಬರೋವರೆಗೆ ಯಾರಿಗೂ ಹಾಜರಿ ಇಲ್ಲ (ಸರ್ವರ್ ಆದ್ರೆ 5). 24 ಜನ ಬಂದು ಕಾಯ್ತಿದ್ರೂ "ಇನ್ನೊಬ್ಬ ಬರ್ಲಿ" ಅನ್ನುತ್ತೆ. ಮನೇಲಿ ಎರಡು ಕಂಪ್ಯೂಟರ್ ಇಟ್ಕೊಂಡು "ನಾನೂ ಸಂಸ್ಥೆ" ಅನ್ನೋರನ್ನ ದೂರ ಇಡೋಕೆ ಈ ಲೆಕ್ಕ.

ಮುಖ್ಯ ಬದಲಾವಣೆ ಇಲ್ಲಿದೆ: ಈ ಹಾಜರಿ ಶಾಶ್ವತ ಅಲ್ಲ, 180 ದಿನಕ್ಕೆ ಮಾತ್ರ. ಕಂಪ್ಯೂಟರ್ ಪ್ರತಿ 7 ದಿನಕ್ಕೊಮ್ಮೆ ತಾನೇ ಹೋಗಿ ನವೀಕರಿಸಿಕೊಂಡು ಬರುತ್ತೆ. ಯಾರಾದ್ರೂ ಆಫೀಸಿನ ಕಂಪ್ಯೂಟರ್ ಎತ್ಕೊಂಡು ಹೋದ್ರೆ ಆರು ತಿಂಗಳಲ್ಲಿ ಅದರ ಅನುಮತಿ ತಾನಾಗೇ ಮುಗಿಯುತ್ತೆ. ಎಕ್ಸ್‌ಪಿ ಕಾಲದ ಆ ಒಂದು ಸೋರಿಕೆಯ ನೆನಪು ಈ 180 ದಿನದ ಗಡಿಯಲ್ಲಿ ಕೂತಿದೆ.

[6/7]
ಹೊಸ ಬೀಗಕ್ಕೂ ಒಂದು ಸಂದು ಇತ್ತು. ಕಂಪ್ಯೂಟರ್ ಸಿಆರ್‌ನ ಮಾತು ನಂಬುತ್ತೆ. ಹಾಗಾದ್ರೆ ಯಾರೋ ಸಿಆರ್ ವೇಷ ಹಾಕಿ ಬಂದ್ರೆ? ನಕಲಿ ಕೆಎಂಎಸ್ ಹುಟ್ಟಿದ್ದು ಹೀಗೆ. ನಿಮ್ಮ ಲ್ಯಾಪ್‌ಟಾಪ್ ಒಳಗೇ ಒಂದು ಸುಳ್ಳು ಸರ್ವರ್ ಕೂರಿಸಿ, 25 ಜನ ಬಂದಾಯ್ತು ಅಂತ ಹೇಳಿಸೋದು. "ಅಣ್ಣಾ, ವಿಂಡೋಸ್ ಹಾಕ್ಕೊಡಿ" ಅಂದಾಗ ಅಂಗಡಿಯಲ್ಲಿ ಎಷ್ಟೋ ಸಲ ನಡೆಯೋದು ಇದೇ.

ಅದನ್ನ ಹಾಕೋ ಮೊದಲು ಸಾಮಾನ್ಯವಾಗಿ ಬರೋ ಸೂಚನೆ: "ಆಂಟಿವೈರಸ್ ಆಫ್ ಮಾಡಿ." ಕಳ್ಳ ಬಂದು ಮೊದಲು ನಾಯಿ ಕಟ್ಟಿಹಾಕಿ ಅಂದ ಹಾಗೆ. 2021ರ ಡಿಸೆಂಬರ್‌ನಲ್ಲಿ ರೆಡ್ ಕ್ಯಾನರಿ ಅನ್ನೋ ಭದ್ರತಾ ಸಂಸ್ಥೆ ಒಂದು ವಿಷಯ ಬಯಲು ಮಾಡಿತು. ಕೆಎಂಎಸ್‌ಪಿಕೊ ಅನ್ನೋ ಇಂಥ ಸಾಧನದ ಹೆಸರಲ್ಲಿ ಹಂಚಲಾಗ್ತಿದ್ದ ಫೈಲ್‌ಗಳಲ್ಲಿ ಕ್ರಿಪ್ಟ್‌ಬಾಟ್ ಅನ್ನೋ ಮಾಲ್‌ವೇರ್ ಅಡಗಿತ್ತು. ಬ್ರೌಸರ್‌ನಲ್ಲಿ ಉಳಿಸಿದ ಮಾಹಿತಿ, ಕ್ರಿಪ್ಟೋ ವ್ಯಾಲೆಟ್ ಕದಿಯೋದು ಅದರ ಕೆಲಸ.

ನಮ್ಮಲ್ಲಿ ಅರ್ಧ ಜನ ನಾಳೆ ಆಡಿಟರ್ ಆಫೀಸಿಗೋ ಟ್ಯಾಕ್ಸ್ ಕನ್ಸಲ್ಟೆಂಟ್ ಹತ್ರಕ್ಕೋ ಹೋಗೋರು. ಆ ಕಂಪ್ಯೂಟರ್‌ನಲ್ಲಿ ಇರೋದು ನಮ್ಮ ಸಿನಿಮಾ ಫೋಲ್ಡರ್ ಅಲ್ಲ. ಊರಿನ ಕಿರಾಣಿ ಅಂಗಡಿಯವರ ಜಿಎಸ್‌ಟಿ ಪಾಸ್‌ವರ್ಡ್, ಟೀಚರ್ ಒಬ್ಬರ ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್. ನಮ್ಮನ್ನ ನಂಬಿ ಕೊಟ್ಟವರದ್ದು.

ಕಾನೂನೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ, ಗೊತ್ತಿದ್ದೂ ನಕಲಿ ಸಾಫ್ಟ್‌ವೇರ್ ಬಳಸಿದ್ರೆ 7 ದಿನದಿಂದ 3 ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ. ವ್ಯಾಪಾರದ ಲಾಭಕ್ಕಲ್ಲ ಅಂತ ಸಾಬೀತಾದ್ರೆ ಕೋರ್ಟು ಜೈಲು ಬಿಟ್ಟು 50,000ದವರೆಗಿನ ದಂಡಕ್ಕೇ ನಿಲ್ಲಿಸಬಹುದು. ಆಫೀಸಿಗೆ ಆ ರಿಯಾಯಿತಿ ಸಿಗೋದು ಕಷ್ಟ.

[7/7]
ಹಾಗಂತ ಬೀಗ ಹಾಕಿದವರೆಲ್ಲ ಸಾಚಾ ಅಂತ ನಾನು ಹೇಳ್ತಿಲ್ಲ. 2007ರ ಆಗಸ್ಟ್ 24ರಂದು ಮೈಕ್ರೋಸಾಫ್ಟ್‌ನ ಪರೀಕ್ಷಾ ಸರ್ವರ್‌ಗಳೇ ಕೆಟ್ಟು, ದುಡ್ಡು ಕೊಟ್ಟು ಕೊಂಡವರ ವಿಂಡೋಸನ್ನೂ ನಕಲಿ ಅಂತ ತೋರಿಸಿದ್ವು. ಸರಿಹೋಗೋ ಹೊತ್ತಿಗೆ ಮರುದಿನ ಆಗಿತ್ತು. ನಕಲು ಮಾಡಿದವನು ಒಬ್ಬ, ರಸೀದಿ ತೋರಿಸ್ಬೇಕಾದವನು ಇನ್ನೊಬ್ಬ. ಈ ಇಡೀ ಇತಿಹಾಸದಲ್ಲಿ ಹೆಚ್ಚು ಬೆಲೆ ತೆತ್ತದ್ದು ನಿಯತ್ತಿನವರೇ.

ಅಕೌಂಟಿಂಗ್ ಸ್ಟ್ಯಾಂಡರ್ಡ್ 26 ಓದಿದವರಿಗೆ ನೆನಪಿರಬಹುದು. ಸಾಮಾನ್ಯ ಸಾಫ್ಟ್‌ವೇರ್ ಅಮೂರ್ತ ಆಸ್ತಿ, ಆದ್ರೆ ಆಪರೇಟಿಂಗ್ ಸಿಸ್ಟಮ್ ಇಲ್ಲದೆ ಕಂಪ್ಯೂಟರ್ ಓಡಲ್ಲ, ಹಾಗಾಗಿ ಅದು ಯಂತ್ರದ ಜೊತೆಗೇ ಲೆಕ್ಕ. ಲೆಡ್ಜರ್‌ನಲ್ಲಿ ಅದು ಮೇಜು ಕುರ್ಚಿ ಥರ ನಮ್ಮ ಸೊತ್ತು. ಒಪ್ಪಂದದಲ್ಲಿ ಮಾತ್ರ ಬರೀ ಅನುಮತಿ. 1995ರ ಸಿಡಿ ಕೊಂಡ ಮೇಲೆ ಯಾರೂ ಕೇಳ್ತಿರಲಿಲ್ಲ. 2001ರದ್ದು ಒಮ್ಮೆ ಕೇಳಿತು. ಕೆಎಂಎಸ್ ವಾರವಾರ ಕೇಳುತ್ತೆ. ಕೊಳ್ಳೋದು ನಿಧಾನಕ್ಕೆ ಬಾಡಿಗೆ ಆಗಿದ್ದು ನಮಗೆ ಗೊತ್ತೇ ಆಗಲಿಲ್ಲ.

ದುಡ್ಡಿಲ್ಲ ಅಂದ್ರೆ ಲಿನಕ್ಸ್ ಉಚಿತ, ಲಿಬ್ರೆಆಫೀಸ್ ಉಚಿತ. ಆ ಮಸುಕು ಅಕ್ಷರ ಇಟ್ಕೊಂಡೇ ಓಡಿಸಿದ್ರೂ ವಿಂಡೋಸ್ 10 ವಾಲ್‌ಪೇಪರ್ ಥರದ ಕೆಲವು ಸೆಟ್ಟಿಂಗ್ಸ್ ಮುಚ್ಚುತ್ತೆ, ನಿಮ್ಮ ಕೆಲಸ ನಿಲ್ಲಿಸಲ್ಲ. ಸೆಮಿನಾರ್‌ನಲ್ಲಿ ನಗೋರು ನಗಲಿ ಬಿಡಿ.

ಈಗ ಒಂದು ಸಣ್ಣ ಹೋಮ್‌ವರ್ಕ್. ಸೆಟ್ಟಿಂಗ್ಸ್‌ಗೆ ಹೋಗಿ ಆಕ್ಟಿವೇಶನ್ ಪುಟ ತೆಗೀರಿ. "ನಿಮ್ಮ ಸಂಸ್ಥೆಯ ಆಕ್ಟಿವೇಶನ್ ಸೇವೆಯ ಮೂಲಕ" ಆಕ್ಟಿವೇಟ್ ಆಗಿದೆ ಅಂತ ಇಂಗ್ಲಿಷ್‌ನಲ್ಲಿ ಬಂದ್ರೆ, ಅದು ಕೆಎಂಎಸ್ ಗುರುತು. ಕಾಲೇಜೋ ಆಫೀಸೋ ಕೊಟ್ಟ ಕಂಪ್ಯೂಟರ್ ಆಗಿದ್ರೆ ಸರಿ. ಅಪ್ಪ ದುಡ್ಡು ಕೊಟ್ಟು ಕೊಡಿಸಿದ ನಿಮ್ಮ ಸ್ವಂತ ಲ್ಯಾಪ್‌ಟಾಪ್ ಆಗಿದ್ರೆ ಕೇಳ್ಕೊಳ್ಳಿ: ಯಾವ ಸಂಸ್ಥೆ?

#ವಿಂಡೋಸ್‌ಕಥೆ #ಬಿಕಾಂಕನ್ನಡ #ಇತಿಹಾಸಸರಣಿ