ಫಾರ್ಮಸಿ ಕಾಲೇಜಿನ ಸಂದರ್ಶನ: ಗಡಿನಾಡಿನ ವಿದ್ಯಾರ್ಥಿಗಳಿಗೆ ಕಿರು ಕೈಪಿಡಿ

ಪಿಯುಸಿ ಅಥವಾ ಪ್ಲಸ್ ಟು ಮುಗಿಸಿ ಫಾರ್ಮಸಿ ಕಡೆಗೆ ಹೊರಟ ನಮ್ಮ ಮಕ್ಕಳಲ್ಲಿ, ಅದರಲ್ಲೂ ಕನ್ನಡ ಮಾಧ್ಯಮದಲ್ಲಿ ಓದಿದವರಲ್ಲಿ, ಸಂದರ್ಶನವೆಂದರೆ ಇಂಗ್ಲಿಷ್ ಪರೀಕ್ಷೆ ಎಂಬ ಅಳುಕು ಇದೆ. ಉತ್ತರ ಗೊತ್ತಿದ್ದೂ ಬಾಯಿ ಬಿಡದೆ ಎದ್ದು ಬರುವವರಿದ್ದಾರೆ. ಔಷಧದ ವಿಷಯವನ್ನು ಸರಿಯಾಗಿ ತಿಳಿದು, ತಪ್ಪಿಲ್ಲದೆ ಇನ್ನೊಬ್ಬರಿಗೆ ತಿಳಿಸಬಲ್ಲಿರಾ ಎಂಬುದು ಅಲ್ಲಿ ನೋಡುವ ಮುಖ್ಯ ಸಂಗತಿ. ಎರಡು ಮೂರು ಭಾಷೆಗಳ ನಡುವೆ ಬೆಳೆದವರಿಗೆ ಇದರ ಅಭ್ಯಾಸ ಮನೆಯಿಂದಲೇ ಬಂದಿರುತ್ತದೆ. ಅದನ್ನು ಹೇಗೆ ತೋರಿಸಬೇಕು ಎಂಬುದನ್ನು ಇಲ್ಲಿ ಬರೆದಿದ್ದೇವೆ.

ಸಂದರ್ಶನ ಎಲ್ಲಿರುತ್ತದೆ?

ಎಲ್ಲ ಕಡೆಯೂ ಇಲ್ಲ. ಸರ್ಕಾರಿ ಕೋಟಾದ ಸೀಟುಗಳಿಗೆ ಕರ್ನಾಟಕದಲ್ಲಿ ಸಿಇಟಿ, ಕೇರಳದಲ್ಲಿ ಕೀಮ್, ಮಹಾರಾಷ್ಟ್ರದಲ್ಲಿ ಎಂಎಚ್‌ಟಿ-ಸಿಇಟಿ, ಆಂಧ್ರ ಮತ್ತು ತೆಲಂಗಾಣದಲ್ಲಿ ಇಎಪಿಸೆಟ್ ರ‍್ಯಾಂಕ್ ಲೆಕ್ಕಕ್ಕೆ ಬರುತ್ತದೆ. ತಮಿಳುನಾಡಿನಲ್ಲಿ ಪ್ಲಸ್ ಟು ಅಂಕಗಳನ್ನು ನೋಡುತ್ತಾರೆ. ಇಲ್ಲೆಲ್ಲ ಇರುವುದು ದಾಖಲೆ ಪರಿಶೀಲನೆ. ಸಂದರ್ಶನ ಎದುರಾಗುವುದು ಸ್ವಂತವಾಗಿ ಸೀಟು ತುಂಬುವ ಕೆಲವು ಖಾಸಗಿ ಕಾಲೇಜು ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ. ಬ್ರಿಟನ್ನಿನ ಎಂ.ಫಾರ್ಮ್ ಪ್ರವೇಶಕ್ಕೂ ಸಂದರ್ಶನ ಇದ್ದೇ ಇರುತ್ತದೆ.

ಕರ್ನಾಟಕದ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ನಿಯಮವಿದೆ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ, ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲ್ಲೂಕುಗಳ ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯ ವಿದ್ಯಾರ್ಥಿಗಳು ಇದರಡಿ ಬರುತ್ತಾರೆ. ಇವರು ನಾಲ್ಕನೆಯ ತರಗತಿ ಮಟ್ಟದ ಕನ್ನಡ ಪರೀಕ್ಷೆಯಲ್ಲಿ 50ಕ್ಕೆ ಕನಿಷ್ಠ 12 ಅಂಕ ಪಡೆಯಬೇಕು. ಅರ್ಜಿ ಹಾಕುವ ಮುಂಚೆ ಆಯಾ ವರ್ಷದ ಕೈಪಿಡಿಯನ್ನು ಓದಿಕೊಳ್ಳಿ.

ಕೋರ್ಸುಗಳ ವ್ಯತ್ಯಾಸ

ಯಾವ ಕೋರ್ಸಿಗೆ ಬಂದಿದ್ದೀರಿ, ಏಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಡಿ.ಫಾರ್ಮ್ ಎರಡು ವರ್ಷದ ಓದು, ಜೊತೆಗೆ 500 ಗಂಟೆಗಳ ತರಬೇತಿ. ಬಿ.ಫಾರ್ಮ್ ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಡಿ.ಫಾರ್ಮ್ ಮುಗಿಸಿದವರು ಬಿ.ಫಾರ್ಮ್ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. 2008ರಲ್ಲಿ ಆರಂಭವಾದ ಫಾರ್ಮ್.ಡಿ ಆರು ವರ್ಷದ್ದು; ಕೊನೆಯ ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಪಿಯುಸಿಯಲ್ಲಿ ಜೀವಶಾಸ್ತ್ರ ಓದದೆ ಗಣಿತ ಓದಿದವರೂ ಬಿ.ಫಾರ್ಮ್ ಸೇರಬಹುದು. ಅವರಿಗೆ ಮೊದಲ ಸೆಮಿಸ್ಟರಿನಲ್ಲಿ ಜೀವಶಾಸ್ತ್ರದ ಪೂರಕ ಪಾಠವಿದೆ.

ಕೇಳಬಹುದಾದ ಪ್ರಶ್ನೆಗಳು

ಫಾರ್ಮಸಿಯೇ ಏಕೆ? 'ಜನಸೇವೆ ಮಾಡಬೇಕು' ಎಂದಷ್ಟೇ ಹೇಳಿದರೆ ಸಾಲದು. ನೀವು ಕಂಡ ಒಂದು ಸಂಗತಿಯನ್ನು ಹೇಳಿ. ಮಂಜೇಶ್ವರದವರು ಮಂಗಳೂರಿನಲ್ಲಿ, ತಾಳವಾಡಿಯವರು ಚಾಮರಾಜನಗರದಲ್ಲಿ ತೋರಿಸಿಕೊಂಡು ಔಷಧ ತರುತ್ತಾರೆ. ಅದರ ಮೇಲಿನ ಇಂಗ್ಲಿಷನ್ನು ಮನೆಯ ಹಿರಿಯರು ಓದಲಾರರು. ಯಾವುದು ಬೆಳಿಗ್ಗೆ, ಯಾವುದು ರಾತ್ರಿ ಎಂದು ಅಜ್ಜಿಗೆ ನೀವೇ ಹೇಳಿಕೊಟ್ಟಿದ್ದರೆ ಅದೇ ಒಳ್ಳೆಯ ಉತ್ತರ. 'ಮೆಡಿಕಲ್ ಸೀಟು ಸಿಗಲಿಲ್ಲವೆಂದು ಬಂದಿರಾ?' ಎಂದರೆ, ನಿಜವಿದ್ದರೆ ಒಪ್ಪಿಕೊಂಡು, ಆಮೇಲೆ ಫಾರ್ಮಸಿಯಲ್ಲಿ ಏನು ಹಿಡಿಸಿತು ಎಂಬುದನ್ನು ತಿಳಿಸಿ.

ಚೀಟಿಯಿಲ್ಲದೆ ಆಂಟಿಬಯೋಟಿಕ್ ಕೇಳಿದರೆ? ಕೊಡುವಂತಿಲ್ಲ. ಕೆಲವು ಆಂಟಿಬಯೋಟಿಕ್‌ಗಳು ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ಅವನ್ನು ಮಾರಿದ ವಿವರವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. 'ಆಗುವುದಿಲ್ಲ' ಎಂದು ಕಳಿಸಿಬಿಡದೆ ಕಾರಣ ತಿಳಿಸಿ ವೈದ್ಯರ ಬಳಿ ಕಳುಹಿಸುತ್ತೇನೆ ಎನ್ನಿ.

ವೈದ್ಯರ ಬರಹ ಓದಲಾಗದಿದ್ದರೆ? ಊಹೆ ಮಾಡಬಾರದು. ವೈದ್ಯರಿಗೆ ಫೋನ್ ಮಾಡಿ ಕೇಳಬೇಕು.

ಜ್ವರದ ಮಾತ್ರೆ, ನೆಗಡಿಯ ಮಾತ್ರೆ ಎರಡನ್ನೂ ಕೊಳ್ಳಲು ಬಂದರೆ? ಎರಡರಲ್ಲೂ ಪ್ಯಾರಾಸಿಟಮಾಲ್ ಇರಬಹುದು. ಪ್ರಮಾಣ ಹೆಚ್ಚಾದರೆ ಯಕೃತ್ತಿಗೆ ಹಾನಿ. ಬ್ರ್ಯಾಂಡ್ ಹೆಸರಿನ ಕೆಳಗೆ ಬರೆದ ಔಷಧದ ಹೆಸರನ್ನು ಓದುವ ರೂಢಿ ಈಗಲೇ ಮಾಡಿಕೊಳ್ಳಿ.

ಒಂದು ಸಣ್ಣ ಲೆಕ್ಕ: ಶೇ 0.9ರ ಲವಣ ದ್ರಾವಣ 500 ಮಿ.ಲೀ.ನಲ್ಲಿ ಉಪ್ಪು ಎಷ್ಟು? 100 ಮಿ.ಲೀ.ಗೆ 0.9 ಗ್ರಾಂ, ಹಾಗಾಗಿ 4.5 ಗ್ರಾಂ. ಇಂಥ ಲೆಕ್ಕವನ್ನು ಬಾಯಲ್ಲಿ ಬಿಡಿಸಿ ಹೇಳುವುದನ್ನು ಕಲಿಯಿರಿ.

ಭಾಷೆಯ ಅಭ್ಯಾಸ

ಓಆರ್‌ಎಸ್ ಪೊಟ್ಟಣ ಬಳಸುವುದನ್ನು ಒಂದು ನಿಮಿಷದಲ್ಲಿ ವಿವರಿಸಿ. ಒಂದು ಲೀಟರಿನ ಪೊಟ್ಟಣವಾದರೆ ಪೂರ್ತಿ ಒಂದೇ ಸಲ ಒಂದು ಲೀಟರ್ ಶುದ್ಧ ನೀರಿಗೆ ಹಾಕಬೇಕು, ಸಕ್ಕರೆ ಸೇರಿಸಬಾರದು, ಸ್ವಲ್ಪ ಸ್ವಲ್ಪವಾಗಿ ಕುಡಿಸಬೇಕು, 24 ಗಂಟೆಯ ಮೇಲೆ ಉಳಿದದ್ದನ್ನು ಚೆಲ್ಲಬೇಕು. ಇದನ್ನು ಮೊದಲು ಕನ್ನಡದಲ್ಲಿ, ಆಮೇಲೆ ನಿಮ್ಮೂರಿನ ಮಲಯಾಳ, ಮರಾಠಿ, ತೆಲುಗು ಅಥವಾ ತಮಿಳಿನಲ್ಲಿ, ಕೊನೆಗೆ ಇಂಗ್ಲಿಷಿನಲ್ಲಿ ಹೇಳಿ. ಕನ್ನಡದಲ್ಲಿ ಹೇಳಿದ ಒಂದು ಸಂಗತಿಯೂ ಇಂಗ್ಲಿಷಿನಲ್ಲಿ ಬಿಟ್ಟುಹೋಗಬಾರದು. ವಾಕ್ಯ ಚಿಕ್ಕದಿರಲಿ. ಪ್ರಶ್ನೆ ಅರ್ಥವಾಗದಿದ್ದರೆ 'ಇನ್ನೊಮ್ಮೆ ಹೇಳಿ' ಎಂದು ಕೇಳುವುದು ತಪ್ಪಲ್ಲ. ಅರ್ಥವಾಗದೆ ಉತ್ತರಿಸುವುದೇ ತಪ್ಪು. ಎಷ್ಟು ಭಾಷೆ ಬರುತ್ತದೆ ಎಂದು ಕೇಳಿದರೆ ಎಲ್ಲವನ್ನೂ ಹೇಳಿ. ಔಷಧದಂಗಡಿಯ ಕೌಂಟರಿನಲ್ಲಿ ಅದು ನಿಜವಾದ ಅರ್ಹತೆ.

ನೀವು ಕೇಳಬೇಕಾದದ್ದು

ಸಂದರ್ಶನದ ಕೊನೆಗೆ ನಿಮಗೂ ಕೇಳಲು ಅವಕಾಶ ಸಿಗುತ್ತದೆ. ಈ ಕೋರ್ಸಿಗೆ, ಈ ವರ್ಷಕ್ಕೆ ಭಾರತೀಯ ಫಾರ್ಮಸಿ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಕೇಳಿ, ಪರಿಷತ್ತಿನ ಜಾಲತಾಣದ ಪಟ್ಟಿಯಲ್ಲೂ ನೋಡಿಕೊಳ್ಳಿ. 1948ರ ಫಾರ್ಮಸಿ ಕಾಯ್ದೆಯ ಪ್ರಕಾರ ಚೀಟಿಯ ಔಷಧ ಕೊಡಲು ನೋಂದಾಯಿತ ಫಾರ್ಮಸಿಸ್ಟ್ ಆಗಿರಬೇಕು. ಮಾನ್ಯತೆ ಇಲ್ಲದ ಕಡೆ ಓದಿದರೆ ಆ ನೋಂದಣಿಯೇ ಸಿಗದು. ಹಣ, ವರ್ಷ ಎರಡೂ ಹೋದಂತೆ. ಒಟ್ಟು ಶುಲ್ಕ, ಹಾಸ್ಟೆಲ್, ತರಬೇತಿ ನಡೆಯುವ ಆಸ್ಪತ್ರೆಯ ಬಗ್ಗೆಯೂ ವಿಚಾರಿಸಿ. ಮುಂಗಡ ಕಟ್ಟಿದರೆ ರಸೀದಿ ಪಡೆಯಿರಿ.

ದಾಖಲೆಗಳು

ಅಂಕಪಟ್ಟಿ, ವರ್ಗಾವಣೆ ಪತ್ರ, ಆಧಾರ್, ಜಾತಿ-ಆದಾಯ ಪತ್ರ, ವಾಸಸ್ಥಳ ಪತ್ರಗಳ ಮೂಲ ಮತ್ತು ನಕಲುಗಳಿರಲಿ. ಗಡಿನಾಡಿನಲ್ಲಿ ಹೆಸರಿನ ತೊಡಕು ಹೆಚ್ಚು: ಮಹಾರಾಷ್ಟ್ರದ ದಾಖಲೆಯಲ್ಲಿ ಅಡ್ಡಹೆಸರು ಮೊದಲು ಬರುವುದುಂಟು, ಕೇರಳ-ತಮಿಳುನಾಡಿನಲ್ಲಿ ಇನಿಷಿಯಲ್ ಮಾತ್ರ ಇರುವುದುಂಟು. ಅಂಕಪಟ್ಟಿ ಮತ್ತು ಆಧಾರ್ ಒಂದಕ್ಕೊಂದು ಹೊಂದದಿದ್ದರೆ ಫಲಿತಾಂಶಕ್ಕೆ ಕಾಯದೆ ಈಗಲೇ ಸರಿಪಡಿಸಿಕೊಳ್ಳಿ.

ಔಷಧದಂಗಡಿ ನಡೆಸುವ ಸದಸ್ಯರಲ್ಲಿ ನಮ್ಮದೊಂದು ಕೋರಿಕೆ: ಸಂದರ್ಶನಕ್ಕೆ ಹೊರಟ ಮಕ್ಕಳು ಬಂದರೆ ಒಂದು ಸಂಜೆ ಕೌಂಟರಿನ ಪಕ್ಕದಲ್ಲಿ ಕುಳಿತು ನೋಡಲು ಬಿಡಿ. ಜನ ಏನು ಕೇಳುತ್ತಾರೆ, ನೀವು ಹೇಗೆ ಹೇಳುತ್ತೀರಿ ಎಂಬುದನ್ನು ಅವರು ಅಲ್ಲೇ ಕಲಿಯಬೇಕು.